ದೂರದಿಂದ ಪಿಎಚ್‌ಡಿ: ಒಂಟಿತನ ಎಲ್ಲಿಂದ ಬರುತ್ತದೆ, ಕೆಲಸ ಹೇಗೆ ಮುಂದೆ ಸಾಗುತ್ತದೆ

ರಾತ್ರಿ ಹನ್ನೊಂದು ಗಂಟೆ. ಗೈಡ್‌ಗೆ ಬರೆಯಬೇಕಾದ ಮೇಲ್ ಎದುರಿಗೆ ತೆರೆದಿದೆ. "ಸರ್, ನಮಸ್ಕಾರ. ತಡವಾಗಿದ್ದಕ್ಕೆ ಕ್ಷಮಿಸಿ" ಅಂತ ಒಂದು ಸಾಲು ಬರೆದೆ, ಅಳಿಸಿದೆ. "ಕೆಲಸ ನಡೆಯುತ್ತಿದೆ" ಅಂತ ಬರೆದೆ. ಅದು ಪೂರ್ತಿ ನಿಜ ಅಲ್ಲ, ಅದನ್ನೂ ಅಳಿಸಿದೆ. ಕೊನೆಗೆ ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ. ಆ ಒಂದು ಮೇಲ್ ಹೀಗೆ 19 ದಿನ ಡ್ರಾಫ್ಟ್‌ನಲ್ಲೇ ಕೂತಿತ್ತು. ಆ 19 ದಿನವೂ ಮೂರನೇ ಅಧ್ಯಾಯದ ಫೈಲನ್ನು ನಾನು ತೆರೆಯಲಿಲ್ಲ. ಮೇಲ್ ಕಳಿಸದೆ ಫೈಲ್ ತೆರೆಯಲು ಮನಸ್ಸಿಲ್ಲ. ಫೈಲ್ ಮುಟ್ಟದೆ ಮೇಲ್ ಕಳಿಸಲು ಮುಖವಿಲ್ಲ.

ಊರು ಬಿಟ್ಟು ಹೋಗದೆ, ಕೆಲಸ ಬಿಡದೆ, ಮನೆಯಲ್ಲೇ ಕೂತು ಪಿಎಚ್‌ಡಿ ಮಾಡುವವರಿಗೆ ಈ ಸ್ಥಿತಿ ಗೊತ್ತಿರುತ್ತದೆ. ಹೊರಗಿನಿಂದ ನೋಡಿದರೆ ಇದು ಸೋಮಾರಿತನದ ಹಾಗೆ ಕಾಣುತ್ತದೆ. ಒಳಗಿರುವವರೂ ಬಹಳ ಸಲ ಹಾಗೇ ಅಂದುಕೊಳ್ಳುತ್ತಾರೆ. "ನನಗೆ ಶಿಸ್ತಿಲ್ಲ", "ನನ್ನ ಯೋಗ್ಯತೆ ಇಷ್ಟೇ" ಅಂತ. ನಾನೂ ಅಂದುಕೊಂಡಿದ್ದೆ. ಈಗ ಹಿಂತಿರುಗಿ ನೋಡಿದರೆ ಆ ದಿನಗಳಲ್ಲಿ ಕಡಿಮೆಯಾಗಿದ್ದು ನನ್ನ ಛಲ ಅಲ್ಲ. ನಾನು ಎಲ್ಲಿದ್ದೇನೆ, ಸರಿ ದಾರಿಯಲ್ಲಿದ್ದೇನಾ ಅಂತ ಹೇಳುವ ಸಣ್ಣಪುಟ್ಟ ಸುಳಿವುಗಳು ನಿಂತುಹೋಗಿದ್ದವು. ಒಂಟಿತನವೂ ಹುಮ್ಮಸ್ಸು ಕುಗ್ಗುವುದೂ ಎರಡು ಬೇರೆ ತೊಂದರೆಗಳು ಅಂತ ನಾವು ಲೆಕ್ಕ ಹಾಕುತ್ತೇವೆ. ನನ್ನ ಅನುಭವದಲ್ಲಿ ಎರಡರ ಬೇರೂ ಒಂದೇ.

ಕಾರಿಡಾರ್‌ನಲ್ಲಿ ಸಿಗುವುದು ಏನು?

ಕ್ಯಾಂಪಸ್‌ನಲ್ಲಿರುವ ಸಂಶೋಧಕರ ಒಂದು ದಿನ ನೆನೆಸಿಕೊಳ್ಳಿ. ಬೆಳಿಗ್ಗೆ ಬಾಗಿಲ ಹತ್ತಿರ ಯಾರೋ ಸಿಗುತ್ತಾರೆ. "ಎಲ್ಲಿಗೆ ಬಂತು ನಿಮ್ಮ ಅಧ್ಯಾಯ?" ಅಂತ ಕೇಳುತ್ತಾರೆ. ಪಕ್ಕದ ಟೇಬಲ್‌ನ ಸೀನಿಯರ್ ತಮ್ಮ ಪೇಪರನ್ನು ಜರ್ನಲ್‌ನವರು ಎರಡನೇ ಸಲ ವಾಪಸ್ ಕಳಿಸಿದರು ಅಂತ ಬೇಸರ ಮಾಡಿಕೊಳ್ಳುತ್ತಾರೆ. ಓಹೋ, ಅವರಿಗೂ ಹೀಗಾಗುತ್ತದೆ ಅಂತ ಗೊತ್ತಾಗುತ್ತದೆ. ಮಧ್ಯಾಹ್ನ ಗೈಡ್ ಯಾರ ಜೊತೆಗೋ ನಗುತ್ತಾ ಹೋಗುವುದು ಕಣ್ಣಿಗೆ ಬೀಳುತ್ತದೆ. ನಿನ್ನೆ ಅವರು ಕಳಿಸಿದ ಒಂದು ಸಾಲಿನ ಮೇಲ್ ಸಿಟ್ಟಿನದ್ದಲ್ಲ, ಗಡಿಬಿಡಿಯದ್ದು ಅಂತ ತಾನಾಗಿ ಅರ್ಥವಾಗುತ್ತದೆ.

ಇದರಲ್ಲಿ ಯಾವುದೂ ಎರಡು ನಿಮಿಷಕ್ಕಿಂತ ಜಾಸ್ತಿ ಹಿಡಿಯುವುದಿಲ್ಲ. ಯಾವುದೂ ಪಠ್ಯದಲ್ಲಿಲ್ಲ. ದೂರದಲ್ಲಿರುವ ವಿದ್ಯಾರ್ಥಿಗೆ ನೋಂದಣಿ, ಲೈಬ್ರರಿ ಲಾಗಿನ್, ಗೈಡ್, ನಿಯಮಾವಳಿ ಎಲ್ಲ ಸಿಗುತ್ತದೆ. ಇದು ಮಾತ್ರ ಸಿಗುವುದಿಲ್ಲ.

ದೂರಶಿಕ್ಷಣದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ಮೈಕಲ್ ಮೂರ್ ಎಂಬ ವಿದ್ವಾಂಸರು 1970ರ ದಶಕದಿಂದಲೇ ಒಂದು ಮಾತು ಹೇಳುತ್ತಾ ಬಂದರು. ಕಲಿಕೆಯಲ್ಲಿ ದೂರ ಅನ್ನುವುದು ಕಿಲೋಮೀಟರ್ ಲೆಕ್ಕ ಅಲ್ಲ. ಕಲಿಸುವವರಿಗೂ ಕಲಿಯುವವರಿಗೂ ನಡುವೆ ಎಷ್ಟು ಮಾತುಕತೆ ಇದೆ, ಕೋರ್ಸಿನ ಚೌಕಟ್ಟು ಎಷ್ಟು ಗಟ್ಟಿಯಾಗಿದೆ ಅನ್ನುವುದರ ಮೇಲೆ ಅದು ನಿಲ್ಲುತ್ತದೆ. ಮಾತೂ ಇಲ್ಲ, ಚೌಕಟ್ಟೂ ಇಲ್ಲ ಅಂದರೆ ದೂರ ಅತಿ ಹೆಚ್ಚು. ಅಂಥಲ್ಲಿ ಎಲ್ಲ ಭಾರವೂ ವಿದ್ಯಾರ್ಥಿಯ ಹೆಗಲ ಮೇಲೆ ಬೀಳುತ್ತದೆ.

ಈಗ ಪಿಎಚ್‌ಡಿಯನ್ನು ಈ ಲೆಕ್ಕಕ್ಕೆ ಹಾಕಿ ನೋಡಿ. ಪದವಿ ತರಗತಿಗೆ ಟೈಮ್‌ಟೇಬಲ್ ಇದೆ, ಪರೀಕ್ಷೆ ಇದೆ, ಅಂಕ ಇದೆ. ಸಂಶೋಧನೆಯಲ್ಲಿ ಹುಟ್ಟಿನಿಂದಲೇ ಚೌಕಟ್ಟು ಸಡಿಲ. ಮುಂದಿನ ಹೆಜ್ಜೆ ಯಾವುದು ಅಂತ ಯಾವ ಪುಸ್ತಕವೂ ಹೇಳುವುದಿಲ್ಲ. ಅದರ ಮೇಲೆ ಮಾತುಕತೆಯೂ ತಿಂಗಳಿಗೊಂದು ಮೇಲ್‌ಗೆ ಇಳಿದರೆ? ಒಂದೇ ಕಟ್ಟಡದಲ್ಲಿ ಕೂತವರೂ ಹೀಗೆ ದೂರವಾಗಬಹುದು. ಸಾವಿರ ಕಿಲೋಮೀಟರ್ ಆಚೆ ಇರುವವರು ವಾರಕ್ಕೊಂದು ಸಲ ಸರಿಯಾಗಿ ಮಾತಾಡಿದರೆ ಹತ್ತಿರವಾಗಬಹುದು. ಇದರಲ್ಲಿ ಒಂದು ಸಮಾಧಾನವಿದೆ. ಕಿಲೋಮೀಟರ್ ನಮ್ಮ ಕೈಯಲ್ಲಿಲ್ಲ. ಮಾತುಕತೆ ಸ್ವಲ್ಪವಾದರೂ ನಮ್ಮ ಕೈಯಲ್ಲಿದೆ.

ಮನೆ ತುಂಬ ಜನ ಇದ್ದರೂ

"ಒಂಟಿ ಹೇಗಾಗುತ್ತೀಯಾ, ಮನೆ ತುಂಬ ನಾವಿದ್ದೇವಲ್ಲ" ಅಂತ ಮನೆಯವರು ಕೇಳುತ್ತಾರೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ರಾಬರ್ಟ್ ವೈಸ್ ಎಂಬ ಸಮಾಜಶಾಸ್ತ್ರಜ್ಞರು 1973ರಲ್ಲೇ ಒಂಟಿತನದಲ್ಲಿ ಎರಡು ಬಗೆ ಇದೆ ಅಂತ ಬಿಡಿಸಿ ತೋರಿಸಿದರು. ಒಂದು, ಮನಸ್ಸಿಗೆ ತೀರಾ ಹತ್ತಿರದವರು ಇಲ್ಲದಿರುವುದು. ಇನ್ನೊಂದು, ನಮ್ಮಂಥವರ ಒಂದು ಬಳಗ ಇಲ್ಲದಿರುವುದು. ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ ಅನ್ನುವುದೇ ಅವರ ಮುಖ್ಯ ಮಾತು. ಪ್ರೀತಿಸುವ ಸಂಗಾತಿ ಇದ್ದರೂ ಬಳಗದ ಕೊರತೆ ಕೊರತೆಯಾಗಿಯೇ ಉಳಿಯುತ್ತದೆ.

ದೂರದ ಸಂಶೋಧಕರಿಗೆ ಸಾಮಾನ್ಯವಾಗಿ ಬಾಧಿಸುವುದು ಈ ಎರಡನೆಯದು. "ನನ್ನ ಡೇಟಾ ಒಂದಕ್ಕೊಂದು ಹೊಂದುತ್ತಿಲ್ಲ" ಅಂತ ಹೇಳಿದರೆ ಮನೆಯವರು ಮರುಗುತ್ತಾರೆ. ಆದರೆ "ಅಯ್ಯೋ, ನನಗೂ ಹಾಗೇ ಆಗಿತ್ತು, ನಾನು ಹೀಗೆ ಮಾಡಿದೆ" ಅನ್ನಲು ಅವರಿಂದ ಆಗುವುದಿಲ್ಲ. ಇದು ತಿಳಿದರೆ ಮನೆಯವರ ಮೇಲಿನ ಸಣ್ಣ ಅಸಮಾಧಾನ ಕರಗುತ್ತದೆ. ಅವರು ಕೊಡಲಾಗದ್ದನ್ನು ಅವರಿಂದ ಕೇಳುವುದು ನಿಲ್ಲುತ್ತದೆ.

ನಿಮಗೊಬ್ಬರಿಗೇ ಹೀಗಲ್ಲ

ಕೆಲವು ಅಂಕಿಗಳನ್ನು ಇಲ್ಲಿ ಹೇಳಲೇಬೇಕು. ಬೆಲ್ಜಿಯಂನ ಫ್ಲ್ಯಾಂಡರ್ಸ್‌ನಲ್ಲಿ 3,659 ಪಿಎಚ್‌ಡಿ ವಿದ್ಯಾರ್ಥಿಗಳ ಬಗ್ಗೆ ಕಾಟಿಯಾ ಲೆವೆಕ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧದಷ್ಟು ಮಂದಿ ಮಾನಸಿಕ ಒತ್ತಡದಲ್ಲಿದ್ದರು. ಶೇ. 32ರಷ್ಟು ಮಂದಿಗೆ ಖಿನ್ನತೆಯಂಥ ಸಾಮಾನ್ಯ ಮಾನಸಿಕ ಕಾಯಿಲೆ ಇರುವ ಅಥವಾ ಬರುವ ಅಪಾಯವಿತ್ತು. ಅಮೆರಿಕದ ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್ 2008ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ, ಪಿಎಚ್‌ಡಿಗೆ ಸೇರಿದವರಲ್ಲಿ ಹತ್ತು ವರ್ಷದೊಳಗೆ ಮುಗಿಸಿದವರು ಶೇ. 57 ಮಾತ್ರ. ಮಾನವಿಕ ವಿಷಯಗಳಲ್ಲಿ ಅದು ಶೇ. 49. ಇವು ಹೆಚ್ಚಾಗಿ ಕ್ಯಾಂಪಸ್‌ನಲ್ಲೇ ಓದಿದವರ ಅಂಕಿಗಳು. ಅಲ್ಲಿನ ಸ್ಥಿತಿಯೇ ಹೀಗಿರುವಾಗ, ದೂರದಲ್ಲಿ ಒಬ್ಬರೇ ಕೂತವರಿಗೆ ಕಷ್ಟವಾಗುವುದರಲ್ಲಿ ಆಶ್ಚರ್ಯವೇನಿದೆ?

ನನಗೆ ಅಂಕಿಗಿಂತ ಮುಖ್ಯ ಅನಿಸುವುದು ಬಾರ್ಬರಾ ಲೊವಿಟ್ಸ್ ಎಂಬ ಸಂಶೋಧಕಿ 2001ರಲ್ಲಿ ತೋರಿಸಿದ ಸಂಗತಿ. ಅರ್ಧಕ್ಕೆ ಬಿಟ್ಟವರನ್ನೂ ಮುಗಿಸಿದವರನ್ನೂ ಅವರು ಹೋಲಿಸಿದರು. ಹಿಂದಿನ ಅಂಕಗಳಲ್ಲಿ ಇಬ್ಬರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವಿಭಾಗದ ಜೊತೆ ಎಷ್ಟು ಬೆಸೆದುಕೊಂಡಿದ್ದರು, ಬೇಕಾದ ಮಾಹಿತಿ ಎಷ್ಟು ಕಿವಿಗೆ ಬೀಳುತ್ತಿತ್ತು ಅನ್ನುವುದರಲ್ಲಿ ವ್ಯತ್ಯಾಸ ಇತ್ತು. ಬಿಟ್ಟು ಹೋಗುವವರು ಸದ್ದಿಲ್ಲದೆ ಹೋಗುತ್ತಾರೆ ಅಂತಲೂ ಅವರು ಗಮನಿಸಿದರು. ಸದ್ದಿಲ್ಲದೆ ಹೋಗುವುದರಿಂದ ಉಳಿದವರಿಗೆ "ಕಷ್ಟ ಪಡುತ್ತಿರುವುದು ನಾನೊಬ್ಬನೇ", "ನಾನೊಬ್ಬಳೇ" ಅಂತ ಅನಿಸುತ್ತದೆ. ಈ ಮೌನದ ಬೆಲೆ ಬಹಳ ದೊಡ್ಡದು.

ಹುಮ್ಮಸ್ಸು ಯಾಕೆ ಆರುತ್ತದೆ?

ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಕಟ್ಟಿದ ಒಂದು ಸಿದ್ಧಾಂತ ಇಲ್ಲಿ ಕೆಲಸಕ್ಕೆ ಬರುತ್ತದೆ. ಒಳಗಿನಿಂದ ಬರುವ ಹುಮ್ಮಸ್ಸು ಉಳಿಯಬೇಕಾದರೆ ಮೂರು ಬೇಕು ಅನ್ನುತ್ತದೆ ಅದು. ಇದು ನಾನೇ ಆರಿಸಿಕೊಂಡ ಕೆಲಸ ಅನ್ನುವ ಭಾವ. ಇದು ನನ್ನಿಂದ ಆಗುತ್ತಿದೆ ಅನ್ನುವ ಭಾವ. ನನ್ನವರು ಅನ್ನುವವರು ಜೊತೆಗಿದ್ದಾರೆ ಅನ್ನುವ ಭಾವ.

ದೂರದ ಪಿಎಚ್‌ಡಿಯಲ್ಲಿ ಮೊದಲನೆಯದು ಬೇಕಾದಷ್ಟಿದೆ. ಯಾವಾಗ ಓದಬೇಕು, ಎಷ್ಟು ಬರೆಯಬೇಕು, ಎಲ್ಲ ನಿಮ್ಮದೇ. ಉಳಿದೆರಡು ಸಿಗುವುದೇ ಅಪರೂಪ. ಒಂದು ಅಧ್ಯಾಯ ಕಳಿಸಿ ಆರು ವಾರ ಕಾದರೆ, ಆ ಆರು ವಾರವೂ "ಆಗುತ್ತಿದೆ" ಅನ್ನಲು ಏನೂ ಆಧಾರ ಇರುವುದಿಲ್ಲ. ಮನಸ್ಸು ಖಾಲಿ ಜಾಗವನ್ನು ಖಾಲಿಯಾಗಿ ಬಿಡುವುದೂ ಇಲ್ಲ. ಜಾನ್ ಕಾಸಿಯೊಪ್ಪೊ ಮತ್ತು ಅವರ ಜೊತೆಗಾರರು ಒಂಟಿತನದ ಬಗ್ಗೆ ಮಾಡಿದ ಕೆಲಸ ಹೇಳುವುದು ಇದನ್ನೇ. ಒಂಟಿಯಾಗಿರುವ ಮನಸ್ಸು ಬೇರೆಯವರ ನಡವಳಿಕೆಯಲ್ಲಿ ಅಪಾಯದ ಗುರುತುಗಳನ್ನು ಜಾಸ್ತಿ ಹುಡುಕುತ್ತದೆ. ಹಾಗಾಗಿ ಗೈಡ್ ಉತ್ತರಿಸದಿದ್ದರೆ "ಅವರಿಗೆ ಬಿಡುವಿಲ್ಲ" ಅನಿಸುವುದಿಲ್ಲ. "ನಾನು ಬರೆದದ್ದು ಅಷ್ಟು ಕೆಟ್ಟದಾಗಿದೆ" ಅನಿಸುತ್ತದೆ.

ಅನುಮಾನ ಬಂದ ಮೇಲೆ ಫೈಲ್ ತೆರೆಯುವುದೇ ನೋವು. ನೋವಿನಿಂದ ತಪ್ಪಿಸಿಕೊಳ್ಳಲು ನಾಳೆ ನೋಡೋಣ ಅನ್ನುತ್ತೇವೆ. ಕೆಲಸ ಮುಂದೂಡುವುದು ಸಮಯ ಹೊಂದಿಸುವ ತೊಂದರೆಗಿಂತ ಹೆಚ್ಚಾಗಿ ಆ ಗಳಿಗೆಯ ಬೇಸರದಿಂದ ಪಾರಾಗುವ ದಾರಿ ಅಂತ ಫುಶಿಯಾ ಸಿರ್ವಾ ಮತ್ತು ಟಿಮೊತಿ ಪಿಚಿಲ್ 2013ರಲ್ಲಿ ವಾದಿಸಿದರು. ನನ್ನ 19 ದಿನಗಳಿಗೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ. ಸುಳಿವಿಲ್ಲದ್ದಕ್ಕೆ ಅನುಮಾನ, ಅನುಮಾನದಿಂದ ಮುಂದೂಡುವುದು, ಮುಂದೂಡಿದ್ದಕ್ಕೆ ನಾಚಿಕೆ, ನಾಚಿಕೆಯಿಂದ ಇನ್ನಷ್ಟು ಮೌನ. ಹೀಗೆ ಸುತ್ತುತ್ತದೆ. ಇಂಥ ಸುತ್ತಿಗೆ ಹೊಸ ಟೈಮ್‌ಟೇಬಲ್ ಬರೆದು ಗೋಡೆಗೆ ಅಂಟಿಸಿದರೆ ಪ್ರಯೋಜನವಿಲ್ಲ. ಎಲ್ಲಾದರೂ ಒಂದು ಕಡೆ ಕತ್ತರಿಸಬೇಕು. ಕತ್ತರಿಸಲು ಸುಲಭವಾದ ಜಾಗ ಮೌನ.

ಗೈಡ್ ಜೊತೆ

ಕೊನೆಗೆ ನಾನು ಕಳಿಸಿದ ಮೇಲ್ ಹೀಗಿತ್ತು:

"ಸರ್, ನಮಸ್ಕಾರ. ಎಂಟು ವಾರದಿಂದ ನಾನು ಬರೆದಿಲ್ಲ. ಮೂರನೇ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಆರು ಪುಟ ಆಗಿದೆ, ಇನ್ನೂ ಒರಟಾಗಿದೆ, ಇದರ ಜೊತೆ ಕಳಿಸಿದ್ದೇನೆ. ನನ್ನ ಪ್ರಶ್ನೆ ಒಂದೇ. ಈ ಎರಡು ಗುಂಪುಗಳನ್ನು ಒಂದೇ ಅಧ್ಯಾಯದಲ್ಲಿ ಹೋಲಿಸಲೋ, ಬೇರೆ ಬೇರೆ ಬರೆಯಲೋ? ಮುಂದಿನ ವಾರ 20 ನಿಮಿಷ ಮಾತಾಡಬಹುದೇ?"

ಮರುದಿನ ಬೆಳಿಗ್ಗೆ ಉತ್ತರ ಬಂತು: "ಪರವಾಗಿಲ್ಲ. ಒಟ್ಟಿಗೇ ಹೋಲಿಸಿ. ಗುರುವಾರ ಮಾತಾಡೋಣ."

ಆ ಮೇಲ್‌ನಲ್ಲಿ ಏನಿದೆ, ಏನಿಲ್ಲ ಅಂತ ನೋಡಿ. ಉದ್ದದ ಕ್ಷಮೆ ಇಲ್ಲ. ಕಾರಣಗಳ ಪಟ್ಟಿ ಇಲ್ಲ. ಎಷ್ಟು ದಿನ ಸುಮ್ಮನಿದ್ದೆ ಅನ್ನುವುದು ಒಂದು ಸಾಲು. ಎಲ್ಲಿ ನಿಂತಿದೆ ಅನ್ನುವುದು ಒಂದು ಸಾಲು. ಆಮೇಲೆ ಎರಡು ನಿಮಿಷದಲ್ಲಿ ಉತ್ತರಿಸಬಹುದಾದ ಒಂದೇ ಪ್ರಶ್ನೆ. ಗೈಡ್‌ಗಳಿಗೆ "ದಯವಿಟ್ಟು ಅಭಿಪ್ರಾಯ ತಿಳಿಸಿ" ಅಂತ 40 ಪುಟ ಕಳಿಸಿದರೆ ಅದು ಬಿಡುವಾದಾಗ ಓದೋಣ ಅನ್ನುವ ಸಾಲಿಗೆ ಸೇರುತ್ತದೆ. ಆರು ಪುಟ, ಒಂದು ಪ್ರಶ್ನೆ ಕಳಿಸಿದರೆ ಅವತ್ತೇ ಉತ್ತರ ಬರುವ ಸಾಧ್ಯತೆ ಹೆಚ್ಚು.

ಇದನ್ನೇ ಒಂದು ಪದ್ಧತಿ ಮಾಡಿಕೊಳ್ಳಿ. ಮೊದಲ ತಿಂಗಳಲ್ಲೇ ಗೈಡ್ ಹತ್ತಿರ ನೇರವಾಗಿ ಕೇಳಿ. ಎಷ್ಟು ದಿನಕ್ಕೊಮ್ಮೆ ಮಾತಾಡೋಣ? ಒರಟು ಡ್ರಾಫ್ಟ್ ನೋಡುತ್ತೀರಾ, ತಿದ್ದಿದ್ದೇ ಬೇಕಾ? ಎರಡು ವಾರ ಉತ್ತರ ಬರದಿದ್ದರೆ ನೆನಪಿಸಬಹುದಾ? ಈ ಮೂರು ಪ್ರಶ್ನೆ ಕೇಳಲು ಸಂಕೋಚ ಆಗುತ್ತದೆ. ಆದರೆ ಮೂರನೆಯದಕ್ಕೆ "ಖಂಡಿತ ನೆನಪಿಸಿ" ಅಂತ ಒಂದು ಸಲ ಉತ್ತರ ಸಿಕ್ಕಿಬಿಟ್ಟರೆ, ಮುಂದಿನ ನಾಲ್ಕೈದು ವರ್ಷದ ಎಷ್ಟೋ ರಾತ್ರಿಗಳು ಹಗುರವಾಗುತ್ತವೆ. ಭೇಟಿಯ ದಿನಾಂಕ ಕ್ಯಾಲೆಂಡರ್‌ನಲ್ಲಿ ಮೊದಲೇ ಇರಲಿ. "ಬರೆದಾದ ಮೇಲೆ ಭೇಟಿಯಾಗೋಣ" ಅನ್ನುವುದು ಅಪಾಯದ ಮಾತು, ಯಾಕೆಂದರೆ ಬರೆಯಲಾಗದ ತಿಂಗಳಲ್ಲೇ ಭೇಟಿ ಹೆಚ್ಚು ಬೇಕಾಗಿರುತ್ತದೆ. ಮಾತಾಡಿದ ದಿನವೇ ಏನು ತೀರ್ಮಾನವಾಯಿತು ಅಂತ ನಾಲ್ಕು ಸಾಲು ಬರೆದು ಅವರಿಗೆ ಕಳಿಸಿ. ಅದು ದಾಖಲೆಯೂ ಹೌದು, ಮುಂದಿನ ಸಲ ಎಲ್ಲಿಂದ ಶುರು ಮಾಡಬೇಕು ಅನ್ನುವುದರ ಗುರುತೂ ಹೌದು.

ಇಷ್ಟೆಲ್ಲ ಮಾಡಿಯೂ ತಿಂಗಳುಗಟ್ಟಲೆ ಉತ್ತರವೇ ಬರದ ಗೈಡ್‌ಗಳಿದ್ದಾರೆ. ಅದು ನಿಮ್ಮ ತಪ್ಪಲ್ಲ. ಸಹ ಮಾರ್ಗದರ್ಶಕರು, ವಿಭಾಗದ ಸಂಶೋಧನಾ ಸಮಿತಿ, ಪಿಎಚ್‌ಡಿ ಸಂಯೋಜಕರು ಯಾರು ಅಂತ ನಿಯಮಾವಳಿಯಲ್ಲಿ ಹುಡುಕಿ ಇಟ್ಟುಕೊಳ್ಳಿ. ಜಗಳ ಶುರುವಾದ ಮೇಲೆ ಹುಡುಕುವುದಕ್ಕಿಂತ ಮೊದಲೇ ಗೊತ್ತಿರುವುದು ವಾಸಿ.

ಕ್ಯಾಮೆರಾ ಆನ್, ಮೈಕ್ ಆಫ್

ನನ್ನನ್ನು ದಡ ಸೇರಿಸಿದ್ದು ಯಾವುದು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇದನ್ನು. ನಾವು ಮೂವರು. ಮೂವರದ್ದೂ ಬೇರೆ ಬೇರೆ ವಿಷಯ, ಬೇರೆ ಬೇರೆ ಸಂಸ್ಥೆ. ಬೆಳಿಗ್ಗೆ ಆರಕ್ಕೆ ವಿಡಿಯೊ ಕಾಲ್‌ನಲ್ಲಿ ಸೇರುತ್ತಿದ್ದೆವು. ಮೊದಲ ಮೂರು ನಿಮಿಷ ಒಬ್ಬೊಬ್ಬರೂ ಒಂದು ವಾಕ್ಯ ಹೇಳಬೇಕು: ಈ ಒಂದು ಗಂಟೆಯಲ್ಲಿ ಏನು ಮಾಡುತ್ತೇನೆ. ಆಮೇಲೆ ಮೈಕ್ ಆಫ್. ಕ್ಯಾಮೆರಾ ಮಾತ್ರ ಆನ್. ತಲೆ ಎತ್ತಿದಾಗ ಇನ್ನಿಬ್ಬರು ತಲೆ ತಗ್ಗಿಸಿ ಬರೆಯುವುದು ಕಾಣುತ್ತದೆ. ಗಂಟೆ ಮುಗಿದ ಮೇಲೆ ಮತ್ತೆ ಒಂದು ವಾಕ್ಯ: ಏನಾಯಿತು, ಏನಾಗಲಿಲ್ಲ. ಅಷ್ಟೇ. ಹರಟೆ ಇಲ್ಲ, ಸಲಹೆಯೂ ಇಲ್ಲ.

ಇಷ್ಟು ಸಣ್ಣ ವಿಷಯ ಯಾಕೆ ಕೆಲಸ ಮಾಡುತ್ತದೆ? ಪಕ್ಕದಲ್ಲಿ ಇನ್ನೊಬ್ಬರಿದ್ದರೆ ನಮ್ಮ ಚುರುಕು ಹೆಚ್ಚುತ್ತದೆ ಅನ್ನುವುದನ್ನು ಮನಶ್ಶಾಸ್ತ್ರಜ್ಞರು 19ನೇ ಶತಮಾನದ ಕೊನೆಯಿಂದಲೇ ಗಮನಿಸಿದ್ದಾರೆ. ರಾಬರ್ಟ್ ಜಾಯನ್ಸ್ 1965ರಲ್ಲಿ ಅದಕ್ಕೊಂದು ತಿದ್ದುಪಡಿ ಸೇರಿಸಿದರು. ರೂಢಿಯಾದ ಕೆಲಸಕ್ಕೆ ಇನ್ನೊಬ್ಬರ ಇರವು ಸಹಾಯ ಮಾಡುತ್ತದೆ, ಹೊಸದಾಗಿ ಕಲಿಯುತ್ತಿರುವ ಕಷ್ಟದ ಕೆಲಸಕ್ಕೆ ಅಡ್ಡಿಯೂ ಆಗಬಹುದು. ನಮ್ಮ ಅನುಭವವೂ ಹಾಗೇ ಇತ್ತು. ಬರೆಯುವುದು, ತಿದ್ದುವುದು, ಟಿಪ್ಪಣಿ ಮಾಡುವುದು ಆ ಗಂಟೆಯಲ್ಲಿ ಸರಾಗವಾಗಿ ಆಗುತ್ತಿತ್ತು. ಹೊಸ ಅಂಕಿಅಂಶದ ವಿಧಾನ ಕಲಿಯುವುದನ್ನು ಒಬ್ಬಳೇ ಕೂತು ಬೇರೆ ಹೊತ್ತಿನಲ್ಲಿ ಮಾಡುತ್ತಿದ್ದೆ.

ಬೇರೆ ವಿಷಯದವರಾದರೆ ಏನೂ ತೊಂದರೆ ಇಲ್ಲ. ಇನ್ನೂ ಒಳ್ಳೆಯದು ಅನ್ನುತ್ತೇನೆ. ಹೋಲಿಕೆ ಇರುವುದಿಲ್ಲ. ಯಾರು ಮುಂದೆ, ಯಾರು ಹಿಂದೆ ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಗುಂಪು ಮೂರ್ನಾಲ್ಕು ಜನಕ್ಕಿಂತ ದೊಡ್ಡದಾದರೆ ಮಾತ್ರ ಕಷ್ಟ. ಹತ್ತು ಜನರಿದ್ದಾಗ ಒಬ್ಬರು ಬರದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂವರಿದ್ದಾಗ "ನಿನ್ನೆ ಯಾಕೆ ಬರಲಿಲ್ಲ, ಹುಷಾರಾಗಿದ್ದೀರಾ?" ಅಂತ ಕೇಳುವವರಿರುತ್ತಾರೆ.

ಬಳಗ ಇನ್ನೂ ಸ್ವಲ್ಪ ಹಿಗ್ಗಬೇಕಾದರೆ, ನಿಮ್ಮ ವಿಷಯದಲ್ಲಿ ಬರೆದವರಿಗೆ ಮೇಲ್ ಮಾಡಿ. "ನಿಮ್ಮ ಲೇಖನದ ಈ ಕೋಷ್ಟಕದಲ್ಲಿ ಈ ಎರಡನ್ನು ಯಾಕೆ ಬಿಟ್ಟಿರಿ?" ಅನ್ನುವಂಥ ನಿಜವಾದ ಒಂದು ಪ್ರಶ್ನೆ. ಅಷ್ಟು ದೊಡ್ಡವರು ನಮಗೆಲ್ಲಿ ಉತ್ತರಿಸುತ್ತಾರೆ ಅಂತ ಅನಿಸುತ್ತದೆ, ಅಲ್ವಾ? ಸಹಾಯ ಕೇಳಿದರೆ ಜನ ಒಪ್ಪುವ ಸಾಧ್ಯತೆಯನ್ನು ನಾವು ಬಹಳ ಕಡಿಮೆ ಅಂದಾಜು ಮಾಡುತ್ತೇವೆ ಅಂತ ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಯೋಗಗಳಿಂದ ತೋರಿಸಿದ್ದಾರೆ. ಹತ್ತು ಮೇಲ್‌ನಲ್ಲಿ ಮೂರಕ್ಕೆ ಉತ್ತರ ಬಂದರೂ ನಿಮ್ಮ ವಿಷಯ ಬಲ್ಲವರು ಮೂವರು ಸಿಕ್ಕಂತಾಯಿತು.

ಮನೆಯವರಿಗೆ ಸಂಶೋಧನೆ ಅರ್ಥವಾಗಬೇಕಿಲ್ಲ. ಆ ಗಂಟೆ ಅರ್ಥವಾದರೆ ಸಾಕು. "ನಾನು ಓದುತ್ತಿದ್ದೇನೆ" ಅನ್ನುವುದಕ್ಕಿಂತ "ಏಳು ಗಂಟೆಯ ತನಕ ನನ್ನನ್ನು ಕರೆಯಬೇಡಿ, ಏಳಕ್ಕೆ ನಾನೇ ಬರುತ್ತೇನೆ" ಅನ್ನುವುದು ಅವರಿಗೂ ಸುಲಭ. ಏಳಕ್ಕೆ ನಿಜವಾಗಿ ಎದ್ದು ಬರಬೇಕು, ಅಷ್ಟೇ.

ಇವತ್ತಿನ ಕೆಲಸ ಎಷ್ಟು ಸಣ್ಣದಿರಬೇಕು?

"ಲಿಟರೇಚರ್ ರಿವ್ಯೂ (ಈ ವಿಷಯದ ಹಿಂದಿನ ಬರಹಗಳ ಅವಲೋಕನ) ಮುಗಿಸಬೇಕು" ಅನ್ನುವುದು ಕೆಲಸ ಅಲ್ಲ, ಅದು ಬೆಟ್ಟ. "ಈ ಮೂರು ಲೇಖನಗಳು ಒಂದನ್ನೊಂದು ಎಲ್ಲಿ ಒಪ್ಪುವುದಿಲ್ಲ ಅಂತ ಅರ್ಧ ಪುಟ ಬರೆಯಬೇಕು" ಅನ್ನುವುದು ಕೆಲಸ. ದಣಿದು ಬಂದ ಸಂಜೆಯಲ್ಲೂ ಇದಕ್ಕೆ ಕೈ ಹಾಕಬಹುದು. ಪೀಟರ್ ಗೋಲ್‌ವಿಟ್ಜರ್ ಎಂಬ ಮನಶ್ಶಾಸ್ತ್ರಜ್ಞರು ಇದಕ್ಕೆ ಇನ್ನೊಂದು ಸಣ್ಣ ಕೊಕ್ಕೆ ಸೇರಿಸಿದ್ದಾರೆ. ಏನು ಮಾಡಬೇಕು ಅನ್ನುವುದರ ಜೊತೆ ಯಾವಾಗ, ಎಲ್ಲಿ ಅನ್ನುವುದನ್ನೂ ಗಂಟು ಹಾಕುವುದು. "ಆಫೀಸಿನಿಂದ ಬಂದು ಮುಖ ತೊಳೆದ ಕೂಡಲೇ, ಮೇಜಿನ ಮುಂದೆ ಕೂತು, ಆ ಅರ್ಧ ಪುಟ ಬರೆಯುತ್ತೇನೆ." ಹೀಗೆ ಯೋಜಿಸಿದವರು ಸುಮ್ನೆ ನಿರ್ಧಾರ ಮಾಡಿದವರಿಗಿಂತ ಹೆಚ್ಚು ಸಲ ಅಂದುಕೊಂಡದ್ದನ್ನು ಮಾಡುತ್ತಾರೆ. 94 ಅಧ್ಯಯನಗಳನ್ನು ಒಟ್ಟಿಗೆ ನೋಡಿ ಅವರು ಮತ್ತು ಪಾಸ್ಕಲ್ ಶೀರನ್ 2006ರಲ್ಲಿ ಇದನ್ನು ತೋರಿಸಿದರು.

ಬರವಣಿಗೆಗೆ ಸಂಬಂಧಿಸಿದಂತೆ ನನ್ನ ಅಭಿಪ್ರಾಯ ಖಚಿತ. ರಜೆ ಬರಲಿ, ಒಟ್ಟಿಗೆ ಹತ್ತು ದಿನ ಕೂತು ಬರೆಯುತ್ತೇನೆ ಅನ್ನುವುದು ದೂರದ ವಿದ್ಯಾರ್ಥಿ ಬೀಳುವ ದೊಡ್ಡ ಗುಂಡಿ. ರಾಬರ್ಟ್ ಬಾಯ್ಸ್ 1980ರ ದಶಕದಲ್ಲಿ ಅಧ್ಯಾಪಕರ ಬರವಣಿಗೆಯ ಅಭ್ಯಾಸಗಳನ್ನು ಹತ್ತಿರದಿಂದ ನೋಡಿದರು. ದಿನಾ ಸ್ವಲ್ಪ ಸ್ವಲ್ಪ ಬರೆದವರು, ಸ್ಫೂರ್ತಿಗೆ ಕಾದು ಒಮ್ಮೆಗೇ ಬರೆಯಲು ಹೊರಟವರಿಗಿಂತ ಹೆಚ್ಚು ಪುಟ ಬರೆದರು. ಹೊಸ ಯೋಚನೆಗಳೂ ಅವರಿಗೇ ಜಾಸ್ತಿ ಬಂದವು.

ಎದ್ದೇಳುವ ಮುಂಚೆ ನಾಳೆಯ ಮೊದಲ ಹೆಜ್ಜೆಯನ್ನು ಫೈಲಿನ ಕೊನೆಗೆ ಒಂದು ಸಾಲಿನಲ್ಲಿ ಬರೆದಿಡಿ. ಮುಗಿಯದ ಕೆಲಸ ತಲೆಯಲ್ಲಿ ಸುತ್ತುತ್ತಲೇ ಇರುತ್ತದೆ. ಅದನ್ನು ಯಾವಾಗ, ಹೇಗೆ ಮಾಡುತ್ತೇನೆ ಅಂತ ಖಚಿತವಾಗಿ ಬರೆದಿಟ್ಟರೆ ಆ ಕಾಟ ಕಡಿಮೆಯಾಗುತ್ತದೆ ಅಂತ ಮಾಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದಾರೆ. ರಾತ್ರಿ ಮನೆಯವರ ಜೊತೆ ಕೂತಾಗ ಮನಸ್ಸೂ ಅಲ್ಲೇ ಇರುತ್ತದೆ.

ಇನ್ನೊಂದು, ದಿನಚರಿ. ತೆರೆಸಾ ಅಮಬಿಲೆ ಮತ್ತು ಸ್ಟೀವನ್ ಕ್ರೇಮರ್ 238 ಉದ್ಯೋಗಿಗಳ ಸುಮಾರು 12,000 ದಿನಚರಿ ಬರಹಗಳನ್ನು ಓದಿದರು. ಜನ ಹುರುಪಿನಲ್ಲಿದ್ದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಂಡದ್ದು ಒಂದೇ. ಅವತ್ತು ಅರ್ಥವಿರುವ ಕೆಲಸದಲ್ಲಿ ಒಂದಿಷ್ಟು ಮುನ್ನಡೆ ಆಗಿತ್ತು. ಸಣ್ಣದಾದರೂ ಸಾಕು. ಆದರೆ ಸಣ್ಣ ಮುನ್ನಡೆ ಬರೆದಿಡದಿದ್ದರೆ ಕಾಣುವುದಿಲ್ಲ. ನನ್ನ ನೋಟ್‌ಬುಕ್‌ನ ಒಂದು ಸಾಲು ಹೀಗಿದೆ: "ಮಂಗಳವಾರ. 40 ನಿಮಿಷ. 7ನೇ ಸಂದರ್ಶನದ ಅರ್ಧ ಬರೆದಿಳಿಸಿದೆ. ಎರಡನೇ ಪ್ರಶ್ನೆಗೆ ಎಲ್ಲರೂ ಮೊದಲು ಸುಮ್ಮನಾಗುತ್ತಾರೆ. ಯಾಕೆ?" ಅವತ್ತು ಇದು ಏನೂ ಅಲ್ಲ ಅನಿಸಿತ್ತು. ಒಂದೂವರೆ ವರ್ಷದ ಮೇಲೆ ಐದನೇ ಅಧ್ಯಾಯ ಶುರುವಾಗಿದ್ದೇ ಆ "ಯಾಕೆ"ಯಿಂದ. ಕಾರಿಡಾರ್‌ನಲ್ಲಿ "ಎಲ್ಲಿಗೆ ಬಂತು?" ಅಂತ ಕೇಳುವವರು ಇಲ್ಲದಿದ್ದಾಗ ಈ ನೋಟ್‌ಬುಕ್ಕೇ ಆ ಪ್ರಶ್ನೆ ಕೇಳುತ್ತದೆ.

ಗಡುವು ತಪ್ಪಿದಾಗ ಕುಗ್ಗಿಹೋಗಬೇಡಿ. 1994ರಲ್ಲಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು ಪ್ರಬಂಧ ಬರೆಯುತ್ತಿದ್ದ ಪದವಿ ವಿದ್ಯಾರ್ಥಿಗಳನ್ನು ಎಷ್ಟು ದಿನದಲ್ಲಿ ಮುಗಿಸುತ್ತೀರಿ ಅಂತ ಕೇಳಿದರು. ಸರಾಸರಿ ಉತ್ತರ ಸುಮಾರು 34 ದಿನ. ಎಲ್ಲವೂ ಕೆಟ್ಟು ಹೋದರೆ? ಸುಮಾರು 49 ದಿನ. ನಿಜವಾಗಿ ಹಿಡಿದದ್ದು ಸರಾಸರಿ 55 ದಿನದ ಮೇಲೆ. ಸಮಯದ ಅಂದಾಜಿನಲ್ಲಿ ಎಲ್ಲರೂ ಹೀಗೇ ಎಡವುತ್ತಾರೆ. ಅಂದಾಜನ್ನು ತಿದ್ದಿಕೊಳ್ಳಿ, ನಿಮ್ಮ ಬಗ್ಗೆ ತೀರ್ಪು ಕೊಡಬೇಡಿ.

ಒಂಟಿತನಕ್ಕಿಂತ ಹೆಚ್ಚಿನದಾದರೆ

ಎರಡು ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಪಾಲು ಮನಸ್ಸು ಕುಗ್ಗಿಯೇ ಇದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಮೊದಲು ಇಷ್ಟವಾಗುತ್ತಿದ್ದ ಯಾವುದೂ ಈಗ ಬೇಡವಾಗಿದ್ದರೆ ಅದು ದಿನಚರಿಯಿಂದ ಸರಿಹೋಗುವ ವಿಷಯ ಅಲ್ಲ. ಡಾಕ್ಟರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಬೇಕು. ಬಹಳಷ್ಟು ವಿಶ್ವವಿದ್ಯಾಲಯಗಳ ಸಮಾಲೋಚನಾ ಸೇವೆ ದೂರದಲ್ಲಿರುವ ವಿದ್ಯಾರ್ಥಿಗಳಿಗೂ ಫೋನ್‌ನಲ್ಲೋ ವಿಡಿಯೊದಲ್ಲೋ ಸಿಗುತ್ತದೆ. ಕೇಳಿ ನೋಡಿ. ಬದುಕೇ ಬೇಡ ಅನಿಸುತ್ತಿದ್ದರೆ ಇವತ್ತೇ, ಈಗಲೇ, ಹತ್ತಿರದ ಒಬ್ಬರಿಗೆ ಹೇಳಿ, ತುರ್ತು ಸಹಾಯ ಪಡೆಯಿರಿ. ಥೀಸಿಸ್ ಕಾಯುತ್ತದೆ.

ಕಾಯುತ್ತದೆ ಅಂದದ್ದು ಸುಮ್ನೆ ಸಮಾಧಾನಕ್ಕಲ್ಲ. ಕಾಯಿಲೆ, ಹೆರಿಗೆ, ಮನೆಯ ಕಷ್ಟಗಳಿಗೆ ಅಧಿಕೃತವಾಗಿ ವಿರಾಮ ತೆಗೆದುಕೊಳ್ಳಲು ಎಷ್ಟೋ ಕಡೆ ನಿಯಮದಲ್ಲೇ ಅವಕಾಶ ಇದೆ. ಅರ್ಜಿ ಹಾಕದೆ ಆರು ತಿಂಗಳು ಮರೆಯಾಗುವುದಕ್ಕೂ, ಅರ್ಜಿ ಹಾಕಿ ಆರು ತಿಂಗಳು ನಿಲ್ಲಿಸುವುದಕ್ಕೂ ಬಹಳ ವ್ಯತ್ಯಾಸ. ಎರಡನೆಯದರಲ್ಲಿ ಹಿಂತಿರುಗಿ ಬರುವ ಬಾಗಿಲು ತೆರೆದಿರುತ್ತದೆ, ನಾಚಿಕೆಯೂ ಸೇರಿಕೊಳ್ಳುವುದಿಲ್ಲ.

ಬಿಟ್ಟೇಬಿಡಬೇಕು ಅನಿಸಿದರೆ? ಅದೂ ಗೌರವದ ನಿರ್ಧಾರವೇ ಆಗಬಹುದು. ಕೆಲವರಿಗೆ ಸರಿಯಾದ ನಿರ್ಧಾರವೂ ಹೌದು. ಆದರೆ ಅದನ್ನು ಪೇಪರ್ ವಾಪಸ್ ಬಂದ ವಾರದಲ್ಲಿ ಮಾಡಬೇಡಿ. ಕೆಲಸ ಚೆನ್ನಾಗಿ ನಡೆದ ಒಂದು ವಾರದಲ್ಲಿ ಕೂತು ಯೋಚಿಸಿ. ಆಗಲೂ ಬೇಡ ಅನಿಸಿದರೆ ಗೈಡ್‌ಗೆ ಹೇಳಿ ಹೊರಡಿ. ಜೊತೆಯವರಿಗೂ ಹೇಳಿ.

ಥೀಸಿಸ್ ಸಲ್ಲಿಸಿದ ಮೇಲೂ ಒಂದು ದೊಡ್ಡ ಮೌನ ಬರುತ್ತದೆ ಅಂತ ನನಗೆ ಯಾರೂ ಹೇಳಿರಲಿಲ್ಲ. ಪರೀಕ್ಷಕರ ವರದಿ ಬರುವ ತನಕ ತಿಂಗಳುಗಟ್ಟಲೆ ಕಾಯಬೇಕು. ತಿದ್ದಲು ಏನೂ ಇಲ್ಲ, ಕೇಳಲು ಯಾರೂ ಇಲ್ಲ. ಹೊರಗೆ ಎಲ್ಲರೂ "ಮುಗೀತಲ್ಲ" ಅನ್ನುತ್ತಾರೆ, ಒಳಗೆ ಏನೂ ಮುಗಿದಿರುವುದಿಲ್ಲ. ಆ ತಿಂಗಳುಗಳಿಗೂ ಏನಾದರೂ ಇಟ್ಟುಕೊಳ್ಳಿ. ಒಂದು ಅಧ್ಯಾಯವನ್ನು ಲೇಖನವಾಗಿ ಬರೆಯುವುದು, ವೈವಾಗೆ (ಮೌಖಿಕ ಪರೀಕ್ಷೆಗೆ) ಟಿಪ್ಪಣಿ ಮಾಡುವುದು, ಏನಾದರೂ. ನಮ್ಮ ಮೂವರಲ್ಲಿ ಇಬ್ಬರು ಸಲ್ಲಿಸಿ ಆಗಿತ್ತು. ಮೂರನೆಯವರಿಗೆ ಇನ್ನೂ ಎರಡು ಅಧ್ಯಾಯ ಬಾಕಿ ಇತ್ತು. ಬೆಳಿಗ್ಗೆ ಆರರ ಆ ಗಂಟೆಯನ್ನು ನಾವು ನಿಲ್ಲಿಸಲಿಲ್ಲ. ಇನ್ನೂ ಹನ್ನೊಂದು ತಿಂಗಳು ಅದು ನಡೆಯಿತು, ಕ್ಯಾಮೆರಾ ಆನ್, ಮೈಕ್ ಆಫ್.